ದಂತಕಥೆಯ ಪ್ರಾಣಿಗಳು: ಕಂಡದ್ದು ಮತ್ತು ಖಚಿತವಾದದ್ದು

ಪೀಠಿಕೆ

ಹಿಮಾಲಯದ ಯೇತಿ, ಉತ್ತರ ಅಮೆರಿಕದ ಬಿಗ್‌ಫುಟ್, ಸ್ಕಾಟ್ಲೆಂಡಿನ ನೆಸ್ ಸರೋವರದ ಜಲಚರ ಮೊದಲಾದ ಹೆಸರುಗಳು ಮಕ್ಕಳಿಗೆ ಅಪರಿಚಿತವಲ್ಲ. ಇವನ್ನು ಕಂಡೆವೆಂದು ಹೇಳುವವರಿದ್ದಾರೆ. ಆದರೆ ಇವುಗಳ ಇರವು ವಿಜ್ಞಾನದಲ್ಲಿ ಸಿದ್ಧವಾಗಿಲ್ಲ. ಇಂಥ ವಿಷಯವನ್ನು ತರಗತಿಯಲ್ಲಿ ಕೇವಲ ಕುತೂಹಲಕ್ಕಾಗಿ ಹೇಳಿ ಮುಗಿಸುವುದೂ, ಮೂಢನಂಬಿಕೆಯೆಂದು ತಳ್ಳಿಹಾಕುವುದೂ ಸಮನಾಗಿ ನಿಷ್ಪ್ರಯೋಜಕ. ಕಂಡ ಸಂಗತಿಯನ್ನೂ ಅದಕ್ಕೆ ಕೊಟ್ಟ ಹೆಸರನ್ನೂ ಬೇರೆ ಬೇರೆಯಾಗಿ ನೋಡುವ ಅಭ್ಯಾಸವನ್ನು ಮಕ್ಕಳಲ್ಲಿ ಬೆಳೆಸುವುದು ಈ ಪಾಠದ ಉದ್ದೇಶ.

ಕೇಣಿಚಿರದ ನಿದರ್ಶನ

ಈ ಅಭ್ಯಾಸದ ಅಗತ್ಯವನ್ನು ತಿಳಿಯಲು ದೂರದೇಶಕ್ಕೆ ಹೋಗಬೇಕಾಗಿಲ್ಲ. ವಯನಾಡು ಜಿಲ್ಲೆಯ ಕೇಣಿಚಿರದಲ್ಲಿ 2024ರ ಜೂನ್ ತಿಂಗಳಲ್ಲಿ ಹುಲಿಯೊಂದು ಹಸುಗಳನ್ನು ಕೊಂದಿತು. ಅರಣ್ಯ ಇಲಾಖೆಯವರು ಬೋನಿಟ್ಟು ಅದನ್ನು ಸೆರೆಹಿಡಿದರು. ಅದು ‘ತೋಲ್ಪೆಟ್ಟಿ 17’ ಎಂಬ ಹೆಸರಿನಲ್ಲಿ ಮೊದಲೇ ದಾಖಲೆಯಲ್ಲಿದ್ದ ಗಂಡುಹುಲಿ. ಅದಕ್ಕೆ ಕೆಲವು ತಿಂಗಳ ಹಿಂದೆ, 2023ರ ಡಿಸೆಂಬರಿನಲ್ಲಿ, ಸಮೀಪದ ವಾಕೇರಿಯಲ್ಲಿ ಒಬ್ಬರು ಹುಲಿಗೆ ಬಲಿಯಾಗಿದ್ದರು. ಒಬ್ಬ ಮನುಷ್ಯನ ಬೆರಳಚ್ಚು ಇನ್ನೊಬ್ಬನದಕ್ಕೆ ಹೊಂದದಂತೆ ಒಂದು ಹುಲಿಯ ಪಟ್ಟೆ ಇನ್ನೊಂದರ ಪಟ್ಟೆಯನ್ನು ಹೋಲುವುದಿಲ್ಲ. ಆದುದರಿಂದ ಕ್ಯಾಮೆರಾದಲ್ಲಿ ದೊರೆತ ಚಿತ್ರವನ್ನು ಹಳೆಯ ಚಿತ್ರಗಳೊಡನೆ ಹೋಲಿಸಿ ಇದು ಇಂಥದೇ ಹುಲಿಯೆಂದು ಹೇಳಲು ಸಾಧ್ಯವಾಗುತ್ತದೆ.

ಇಂಥ ಊರಿನಲ್ಲಿ “ತೋಟದಲ್ಲಿ ಏನೋ ಸರಿದಾಡಿತು” ಎಂದು ಹೇಳುವ ಮಗುವಿನ ಮಾತು ಹಗುರವಾದುದಲ್ಲ. ಅದನ್ನು ಕಟ್ಟುಕಥೆಯೆಂದು ಅಲಕ್ಷಿಸಿದರೆ ಪ್ರಾಣಕ್ಕೆ ಅಪಾಯ. ಬಣ್ಣಕಟ್ಟಿ ಹಬ್ಬಿಸಿದರೆ ಊರಿಗೆಲ್ಲ ಭೀತಿ. ಮಗು ಕಂಡದ್ದನ್ನು ಕಂಡಷ್ಟೇ ಹೇಳಬಲ್ಲುದಾದರೆ ಎರಡೂ ತಪ್ಪುತ್ತವೆ.

ಕೇರಳದ ಎರಡು ಹೆಸರುಗಳು

ತಿರುವನಂತಪುರ ಜಿಲ್ಲೆಯ ಅಗಸ್ತ್ಯಕೂಟದ ಸುತ್ತಣ ಕಾಡುಗಳಲ್ಲಿ ವಾಸಿಸುವ ಕಾಣಿ ಸಮುದಾಯದವರು ‘ಕಲ್ಲಾನ’ ಎಂಬ ಕುಳ್ಳ ಆನೆಯ ವಿಷಯ ಹೇಳುತ್ತಾರೆ. ಬಂಡೆಗಳಿರುವ ಎತ್ತರದ ಜಾಗಗಳಲ್ಲಿ ಕಾಣಸಿಗುವುದೆಂದು ಹೇಳುವುದರಿಂದ ಅದಕ್ಕೆ ಆ ಹೆಸರು. 2005ರಲ್ಲಿ ಛಾಯಾಗ್ರಾಹಕ ಸಾಲಿ ಪಾಲೋಡ್ ಅವರು ಅಂಥದೊಂದು ಆನೆಯ ಚಿತ್ರಗಳನ್ನು ತೆಗೆದರು. ಆದರೂ ಕಲ್ಲಾನವನ್ನು ಪ್ರತ್ಯೇಕ ಪ್ರಭೇದವೆಂದು ವಿಜ್ಞಾನವು ಅಂಗೀಕರಿಸಿಲ್ಲ. ಎಳೆಯ ಆನೆಯೂ, ಬೆಳವಣಿಗೆ ಕುಂಠಿತವಾದ ಆನೆಯೂ ಚಿತ್ರದಲ್ಲಿ ಹಾಗೆಯೇ ಕಾಣಬಹುದು.

ಎರಡನೆಯದು ‘ಪೊಗೆಯನ್’. ಪಶ್ಚಿಮಘಟ್ಟದ ಎತ್ತರದ ಹುಲ್ಲುಗಾವಲುಗಳಲ್ಲಿ ಮಂಜಿನಂತೆ ಬಂದು ಮಂಜಿನಂತೆ ಮರೆಯಾಗುವ, ಬೂದುಬಣ್ಣದ ದೊಡ್ಡ ಬೆಕ್ಕಿನ ಜಾತಿಯ ಪ್ರಾಣಿಯೆಂದು ಅದನ್ನು ವರ್ಣಿಸುತ್ತಾರೆ. ಇಲ್ಲಿ ಭಾಷಾಪಾಠಕ್ಕೂ ಅವಕಾಶವಿದೆ. ಹಳಗನ್ನಡದ ‘ಪೊಗೆ’ಯೇ ಹೊಸಗನ್ನಡದ ‘ಹೊಗೆ’. ಪಕಾರವು ಹಕಾರವಾದ ಇಂಥ ಇತರ ಪದಗಳನ್ನು (ಪಾಲು–ಹಾಲು, ಪುಲಿ–ಹುಲಿ) ಮಕ್ಕಳಿಂದಲೇ ಹೇಳಿಸಬಹುದು.

ಸ್ಥಳೀಯರ ತಿಳಿವು ಮತ್ತು ವಿಜ್ಞಾನದ ದಾಖಲೆ

ವಿಜ್ಞಾನವು ಗುರುತಿಸದ್ದೆಲ್ಲ ಇಲ್ಲವೆಂದು ಅರ್ಥವಲ್ಲ. ಇಡುಕ್ಕಿ ಜಿಲ್ಲೆಯ ನೇರಳೆ ಕಪ್ಪೆಯನ್ನು ಎಸ್. ಡಿ. ಬಿಜು ಮತ್ತು ಫ್ರಾಂಕಿ ಬೊಸ್ಸೈಟ್ ಅವರು ಹೊಸ ಪ್ರಭೇದವೆಂದು ಪ್ರಕಟಿಸಿದುದು 2003ರಲ್ಲಿ. ಆದರೆ ಸ್ಥಳೀಯರಿಗೆ ಅದು ಮೊದಲೇ ಪರಿಚಿತ. ವರ್ಷದ ಬಹುಭಾಗವನ್ನು ನೆಲದೊಳಗೆ ಕಳೆದು, ಮಳೆಗಾಲದ ಕೆಲವೇ ದಿನಗಳಲ್ಲಿ ಸಂತಾನೋತ್ಪತ್ತಿಗಾಗಿ ಮೇಲೆ ಬರುವ ಪ್ರಾಣಿ ಹೊರಗಿನವರ ಕಣ್ಣಿಗೆ ಬೀಳದಿದ್ದುದು ಸಹಜ. ಅದರ ಗೊದಮೊಟ್ಟೆಯನ್ನು ಬೆಂಗಳೂರಿನ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್ ಅವರು ನೆಲ್ಸನ್ ಅನ್ನನ್‌ಡೇಲ್ ಅವರೊಡನೆ 1917ರಲ್ಲಿಯೇ ವರ್ಣಿಸಿದ್ದರು.

ಇದಕ್ಕೆ ವಿರುದ್ಧವಾದ ಉದಾಹರಣೆ ಮಲಬಾರ್ ಪುನುಗು ಬೆಕ್ಕು. ಅಳಿದುಹೋಯಿತೆಂದು ಶಂಕಿಸಲಾಗಿದ್ದ ಅದರ ಚರ್ಮಗಳು 1987ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ದೊರೆತವು. ಆಮೇಲೆ ನಡೆದ ಕ್ಯಾಮೆರಾ ಸಮೀಕ್ಷೆಗಳಲ್ಲಿ ಅದು ಕಾಣಸಿಗಲಿಲ್ಲ. ಒಮ್ಮೆ ಖಚಿತವಾದುದೂ ಮತ್ತೆ ಸಂದೇಹಕ್ಕೆ ಜಾರಬಹುದೆಂಬುದನ್ನು ಇದು ತಿಳಿಸುತ್ತದೆ.

ಸಾಕ್ಷ್ಯದ ತೂಕ

ನೆಸ್ ಸರೋವರದ ಜಲಚರದ್ದೆಂದು 1934ರಲ್ಲಿ ಪ್ರಕಟವಾದ ಪ್ರಸಿದ್ಧ ಛಾಯಾಚಿತ್ರವು ಆಟಿಕೆಯ ಜಲಾಂತರ್ಗಾಮಿಗೆ ಕೃತಕ ತಲೆ ಜೋಡಿಸಿ ತೆಗೆದುದೆಂದು 1994ರಲ್ಲಿ ಬಯಲಾಯಿತು. ಯೇತಿಯದೆಂದು ಕಾಪಾಡಿಕೊಂಡು ಬಂದಿದ್ದ ಮೂಳೆ, ಕೂದಲು ಮುಂತಾದ ಒಂಬತ್ತು ಮಾದರಿಗಳ ಡಿಎನ್‌ಎಯನ್ನು ಪರೀಕ್ಷಿಸಿದ ಫಲಿತಾಂಶ 2017ರಲ್ಲಿ ಹೊರಬಂತು: ಎಂಟು ಕರಡಿಯವು, ಒಂದು ನಾಯಿಯದು. ಮಾದರಿಗಳು ಸುಳ್ಳಲ್ಲ, ಅವುಗಳಿಗೆ ಕೊಟ್ಟ ಹೆಸರು ಮಾತ್ರ ತಪ್ಪು.

ತರಗತಿಯ ಚಟುವಟಿಕೆ

ಮಕ್ಕಳು ಮನೆಯ ಹಿರಿಯರಿಂದ ಕೇಳಿದ ಒಂದು ಪ್ರಾಣಿಯ ಸಂಗತಿಯನ್ನು ಬರೆದು ತರಲಿ. ತರಗತಿಯಲ್ಲಿ ಅದನ್ನು ನಾಲ್ಕು ಅಂಕಣಗಳಲ್ಲಿ ವಿಂಗಡಿಸಲಿ:

1. ಕಣ್ಣಾರೆ ಕಂಡದ್ದು ಯಾವುದು? (ಗಾತ್ರ, ಬಣ್ಣ, ದೂರ, ಹೊತ್ತು)
2. ಇತರರಿಂದ ಕೇಳಿದ್ದು ಯಾವುದು?
3. ಉಳಿದಿರುವ ಕುರುಹು ಯಾವುದು? (ಹೆಜ್ಜೆಗುರುತು, ಕೂದಲು, ಚಿತ್ರ)
4. ಊಹಿಸಿದ್ದು ಯಾವುದು?

ಅನಂತರ, ಬೇರೆ ಯಾವ ಪರಿಚಿತ ಪ್ರಾಣಿಯು ಹಾಗೆ ಕಂಡಿರಬಹುದೆಂದು ಗುಂಪಿನಲ್ಲಿ ಚರ್ಚಿಸಲಿ.

ಅಧ್ಯಾಪಕರ ಗಮನಕ್ಕೆ

ಕಾಡಿನಂಚಿನ ಮಕ್ಕಳ ತಿಳಿವಳಿಕೆಯನ್ನು ಗೌರವದಿಂದ ಕೇಳಬೇಕು. ಕನ್ನಡಕ್ಕೆ ಹತ್ತಿರದ ಮನೆಮಾತನ್ನಾಡುವ ಕಾಟ್ಟುನಾಯ್ಕ ಸಮುದಾಯದ ಮಗು ಒಂದು ಪ್ರಾಣಿಗೆ ಬಳಸುವ ಹೆಸರನ್ನು ತಿದ್ದದೆ, ಕರಿಹಲಗೆಯ ಮೇಲೆ ಹಾಗೆಯೇ ಬರೆಯಬೇಕು. ಪಂಜುರ್ಲಿ, ಪಿಲಿಚಾಮುಂಡಿ ಮೊದಲಾದ ಆರಾಧನೆಯ ದೈವಗಳನ್ನು ಈ ವಿಂಗಡಣೆಗೆ ಒಳಪಡಿಸಬಾರದು. ಅವು ಪ್ರಾಣಿಯನ್ನು ಕಂಡ ವರದಿಗಳಲ್ಲ.

ಕುರುಹು ಹುಡುಕಲು ಮಕ್ಕಳನ್ನು ಕಾಡಿಗಾಗಲಿ ತೋಟಕ್ಕಾಗಲಿ ಕಳುಹಿಸಕೂಡದು. ಸಂಶಯಾಸ್ಪದವಾದುದೇನನ್ನಾದರೂ ಕಂಡರೆ ಕೂಡಲೇ ಹಿರಿಯರಿಗೆ ತಿಳಿಸಬೇಕು. ಹಿರಿಯರು ಅರಣ್ಯ ಸಿಬ್ಬಂದಿಗೆ ತಿಳಿಸಬೇಕು. ತೀರ್ಮಾನಕ್ಕೆ ಪೂರ್ಣ ಸಾಕ್ಷ್ಯ ಬೇಕು. ಎಚ್ಚರಿಕೆಗೆ ಸಂಶಯವೊಂದೇ ಸಾಕು. ಈ ವ್ಯತ್ಯಾಸವು ಮಕ್ಕಳ ಮನಸ್ಸಿನಲ್ಲಿ ನೆಲೆಗೊಳ್ಳುವಂತೆ ನೋಡಿಕೊಳ್ಳಬೇಕು.

ಮೌಲ್ಯಮಾಪನ

1. ಛಾಯಾಚಿತ್ರವಿದ್ದರೂ ಕಲ್ಲಾನವನ್ನು ಪ್ರತ್ಯೇಕ ಪ್ರಭೇದವೆಂದು ಒಪ್ಪಲಾಗಿಲ್ಲ, ಏಕೆ?
2. ನೇರಳೆ ಕಪ್ಪೆಯು ದೀರ್ಘಕಾಲ ವಿಜ್ಞಾನಿಗಳ ಗಮನಕ್ಕೆ ಬಾರದಿದ್ದುದಕ್ಕೆ ಕಾರಣವೇನು?
3. “ನಿನ್ನೆ ಸಂಜೆ ಹುಲಿ ಬಂದಿತ್ತು” ಎಂಬ ವಾಕ್ಯವನ್ನು, ಹೇಳಿದವನು ನೆರಳನ್ನು ಮಾತ್ರ ಕಂಡಿದ್ದನೆಂದು ಭಾವಿಸಿ, ತಿದ್ದಿ ಬರೆಯಿರಿ.