ಗುಟ್ಟು ಬಿಟ್ಟುಕೊಟ್ಟರೆ ತಪ್ಪೇ?

"ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ. ಆದ್ರೆ ಅವನು ಒಬ್ಬನೇ ಕೆರೆಗೆ ಈಜೋಕೆ ಹೋಗ್ತಾನಂತೆ. ಹೇಳ್ಬೇಕಾ, ಬೇಡ್ವಾ?" ತೊಣ್ಣೂರಿನಲ್ಲಿ ಮಗು ಹೀಗೆ ಕೇಳಿದರೆ, ಮೊದಲು ಆ ಹುಡುಗನ ಮನೆಗೆ ಸುದ್ದಿ ಮುಟ್ಟಿಸಿ. ಆಮೇಲೆ ನಿಮ್ಮ ಮಗುವಿನ ಜೊತೆ ಕೂತುಕೊಳ್ಳಿ. ಮಾತು ಮುರಿದೆನಲ್ಲ ಎಂಬ ಅದರ ಸಂಕಟ ನಿಜವಾದದ್ದು, "ಬಿಡು, ಅದೇನು ಮಹಾ" ಎಂದು ತಳ್ಳಿಹಾಕುವಂಥದ್ದಲ್ಲ.

ಹೇಳಲು ಊರಿನದೇ ಕಥೆಯಿದೆ. ಚೋಳನಾಡು ಬಿಟ್ಟು ಬಂದು ತೊಣ್ಣೂರಿನಲ್ಲಿ ನೆಲೆಸಿದರೆಂದು ಸಂಪ್ರದಾಯ ಹೇಳುವ ರಾಮಾನುಜರಿಗೆ, ಗುರು ಗೋಷ್ಠೀಪೂರ್ಣರು ಹಿಂದೆ ರಹಸ್ಯಮಂತ್ರ ಉಪದೇಶಿಸಿದ್ದರಂತೆ. ಹೊರಗೆಡಹಿದರೆ ನರಕ ಎಂದೂ ಎಚ್ಚರಿಸಿದ್ದರಂತೆ. ರಾಮಾನುಜರು ಗೋಪುರವೇರಿ ಎಲ್ಲರಿಗೂ ಸಾರಿದರು. ಇಷ್ಟು ಜನ ಉದ್ಧಾರವಾಗುವುದಾದರೆ ನಾನೊಬ್ಬ ನರಕಕ್ಕೆ ಹೋದರೂ ಸರಿ ಎಂದರು.

1789ರಲ್ಲಿ ತನ್ನ ನೀತಿಗ್ರಂಥ ಪ್ರಕಟಿಸಿದ ಇಂಗ್ಲಿಷ್ ಚಿಂತಕ ಬೆಂಥಾಮ್‌ನಿಗೆ ಇದು ಸುಲಭದ ಲೆಕ್ಕ: ಹೆಚ್ಚು ಜನರಿಗೆ ಹೆಚ್ಚು ಸುಖ ಯಾವುದರಿಂದಲೋ ಅದೇ ಸರಿ. ಜರ್ಮನ್ ತತ್ವಜ್ಞಾನಿ ಕಾಂಟ್ ಅಷ್ಟು ಬೇಗ ಒಪ್ಪುವವನಲ್ಲ. ತಮಗೆ ಸರಿಕಂಡಾಗಲೆಲ್ಲ ಎಲ್ಲರೂ ಮಾತು ಮುರಿದರೆ ಮಾತಿಗೆ ಬೆಲೆಯೆಲ್ಲಿ ಎಂದು ಕೇಳುತ್ತಾನೆ. 1797ರ ಪ್ರಬಂಧದಲ್ಲಂತೂ, ಗೆಳೆಯನನ್ನು ಕೊಲ್ಲಲು ಹುಡುಕಿ ಬಂದವನಿಗೂ ಸುಳ್ಳು ಹೇಳಕೂಡದು ಎಂದುಬಿಟ್ಟ. ಇದು ನನಗೆ ಒಪ್ಪಿಗೆಯಿಲ್ಲ. ಆದರೆ ಅವನ ಪ್ರಶ್ನೆಯನ್ನು ಮಕ್ಕಳು ಕೇಳಿಸಿಕೊಳ್ಳಲೇಬೇಕು.

ಇದೇ ಪ್ರಶ್ನೆ ಕ್ರೈಸ್ತ ಗ್ರಂಥಗಳಲ್ಲೂ ಇದೆ. ಕ್ರೈಸ್ತ ನೀತಿ ಎಂದರೆ ಬರೀ ಕಟ್ಟಳೆ, ಆಧುನಿಕ ಚಿಂತನೆ ಎಂದರೆ ಬರೀ ಸಡಿಲಿಕೆ ಎಂದು ಹಲವರು ತಿಳಿದಿದ್ದಾರೆ. ಕಾಂಟ್‌ನ ಬಿಗಿ ನೋಡಿ! ಅತ್ತ ಏಸು ಸಬ್ಬತ್ತಿನ, ಅಂದರೆ ವಿಶ್ರಾಂತಿದಿನದ, ಕಟ್ಟಳೆಗಿಂತ ರೋಗಿಯನ್ನು ಗುಣಪಡಿಸುವುದೇ ದೊಡ್ಡದೆಂದ. ಅಪೊಸ್ತಲ ಪೌಲನಂತೂ ರೋಮಾಪುರದವರಿಗೆ ಬರೆದ ಪತ್ರದಲ್ಲಿ, ತನ್ನ ಜನರಿಗಾಗಿ ತಾನೇ ಶಾಪಗ್ರಸ್ತನಾಗಲೂ ಸಿದ್ಧ ಎನ್ನುತ್ತಾನೆ. ರಾಮಾನುಜರ ಮಾತಿಗೆ ಎಷ್ಟು ಹತ್ತಿರ! ಹಾಗೆಂದು ಒಳಿತಿನ ಹೆಸರಲ್ಲಿ ಏನು ಮಾಡಿದರೂ ಸರಿ ಎಂದಲ್ಲ, ಅದೇ ಪತ್ರ ಅದನ್ನೂ ಖಂಡಿಸುತ್ತದೆ. ಲಾಭದ ಲೆಕ್ಕಕ್ಕೂ ಪ್ರೀತಿಗೂ ಇರುವ ವ್ಯತ್ಯಾಸ ನನಗೆ ಕಾಣುವುದು ಇಲ್ಲಿ: ಪ್ರೀತಿಸುವವನು ಬೆಲೆಯನ್ನು ತಾನೇ ತೆರುತ್ತಾನೆ.

ಮಗುವಿಗೆ ಕಾಂಟ್, ಬೆಂಥಾಮ್ ಹೆಸರು ಬೇಕಿಲ್ಲ. "ನೀನು ಹೇಳದೆ ಇದ್ದಿದ್ರೆ ಏನಾಗ್ತಿತ್ತು? ಅವನ ಜಾಗದಲ್ಲಿ ನೀನಿದ್ದಿದ್ರೆ?" ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ಆಮೇಲೆ ಅದು ತಾನೇ ಗೆಳೆಯನ ಬಳಿ ಹೋಗಿ, "ನಾನೇ ಹೇಳಿದ್ದು, ನಿನಗೇನಾದ್ರೂ ಆಗುತ್ತೆ ಅಂತ ಭಯ ಆಯ್ತು" ಎನ್ನಲಿ. ಗೆಳೆಯ ನಾಲ್ಕು ದಿನ ಮಾತು ಬಿಟ್ಟಾನು. ಆ ನಾಲ್ಕು ದಿನ ಮಗುವಿನ ಜೊತೆಗಿರಿ.