ಮಕ್ಕಳೊಡನೆ ಒಂದು ಮರವನ್ನು ಓದೋಣ

ಇಂದು ಸಂಜೆ ನಿಮ್ಮ ಮಗುವನ್ನು ಒಂದು ಪ್ರಶ್ನೆ ಕೇಳಿ: "ನೀನು ಶಾಲೆಗೆ ಹೋಗುವ ದಾರಿಯಲ್ಲಿರುವ ಐದು ಮರಗಳ ಹೆಸರು ಹೇಳು." ಮಾವು, ತೆಂಗು ಎಂದು ಹೇಳಿ ಮಗು ತಡವರಿಸಿದರೆ ಗದರಬೇಡಿ. ಅದೇ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ. ನಮ್ಮ ಅಜ್ಜ ಅಜ್ಜಿಯರು ಎಲೆ ಮೂಸಿ ಮರ ಯಾವುದೆಂದು ಹೇಳುತ್ತಿದ್ದರು. ನಮಗೋ ಎಲ್ಲವೂ ಬರೀ 'ಮರ'. ಹೆಸರೇ ತಿಳಿಯದ ಮರಕ್ಕೆ ಕೊಡಲಿ ಬಿದ್ದರೆ ಮರುಗುವವರು ಯಾರು?

ಈ ಪಾಠಕ್ಕಾಗಿ ಕಾಡಿಗೆ ಹೋಗಬೇಕಾಗಿಲ್ಲ. ಹಿತ್ತಿಲಿನ, ಶಾಲೆಯ ಅಥವಾ ದೇವಾಲಯದ ಅಂಗಳದ ಒಂದೇ ಮರ ಸಾಕು. ಹಳ್ಳದ ಬದಿಯ ಅತ್ತಿಮರವನ್ನೇ ನೋಡಿ. ಅದರ ಕಾಯಿಗಳು ಕಾಂಡದ ಮೇಲೆಯೇ ಗೊಂಚಲು ಗೊಂಚಲಾಗಿ ಬಿಡುತ್ತವೆ. ಅಪರೂಪದ ವಸ್ತುವಿಗೆ ನಾವು 'ಅತ್ತಿಯ ಹೂ' ಎನ್ನುತ್ತೇವೆ. ಆ ಹೂ ಎಲ್ಲಿದೆ? ಒಂದು ಕಾಯಿಯನ್ನು ಎರಡು ಹೋಳು ಮಾಡಿ ತೋರಿಸಿ. ಒಳಗೆ ಸಾಲುಗಟ್ಟಿದ ನೂರಾರು ಪುಟ್ಟ ಹೂಗಳು! ಹುಳು ಕಂಡಿತೆಂದು ಎಸೆಯಬೇಡಿ. ಅದು ಪುಟ್ಟ ಕಣಜ. ತುದಿಯ ಸಣ್ಣ ರಂಧ್ರದಿಂದ ಒಳನುಗ್ಗಿ ಪರಾಗ ತರುವುದೂ ಅದೇ, ಅಲ್ಲಿ ಮೊಟ್ಟೆಯಿಡುವುದೂ ಅದೇ. ಕಣಜವಿಲ್ಲದೆ ಅತ್ತಿಗೆ ಬೀಜವಿಲ್ಲ. ಅತ್ತಿಯಿಲ್ಲದೆ ಆ ಕಣಜಕ್ಕೆ ಸಂತಾನವಿಲ್ಲ. ಹಣ್ಣನ್ನು ನಂಬಿ ಬಾವಲಿ, ಅಳಿಲು, ಕುಟ್ರುಹಕ್ಕಿಗಳು ಬರುತ್ತವೆ. ಒಂದು ಮರ ಉರುಳಿದರೆ ಇಷ್ಟು ಜೀವಿಗಳ ಅನ್ನದ ತಟ್ಟೆ ಉರುಳಿತು.

ಯೇಸುಸ್ವಾಮಿಯನ್ನು ಕಾಣಲು ಜಕ್ಕಾಯನು ಹತ್ತಿದ ಮರವೂ ನಮ್ಮ ಅತ್ತಿಯ ಹತ್ತಿರದ ಬಂಧುವೇ. ಅದರ ಕೊಂಬೆಗಳು ತಗ್ಗಿನಲ್ಲೇ ಹರಡುವುದರಿಂದ ಕುಳ್ಳನಾದ ಅವನಿಗೆ ಹತ್ತುವುದು ಸುಲಭವಾಗಿತ್ತು. ಧರ್ಮೋಪದೇಶದ ಮಕ್ಕಳಿಗೆ ಈ ಕಥೆಯನ್ನು ಮರದಡಿಯಲ್ಲೇ ಹೇಳಬಹುದಲ್ಲವೇ?

ಇನ್ನು ಮಕ್ಕಳಿಗೆ ನಾಲ್ಕು ಅಭ್ಯಾಸಗಳು:

1. ಎಲೆ: ಬೇವಿನ ಒಂದು ಕಡ್ಡಿಯಲ್ಲಿ ಕಾಣುವ ಹಲವು 'ಎಲೆ'ಗಳು ನಿಜಕ್ಕೂ ಒಂದೇ ಎಲೆಯ ಭಾಗಗಳು. ಗುರುತಿಸುವುದು ಹೇಗೆ? ಎಲೆಯ ಬುಡದಲ್ಲಿ ಮೊಗ್ಗಿರುತ್ತದೆ. ಕಿರುಎಲೆಯ ಬುಡದಲ್ಲಿ ಇರುವುದಿಲ್ಲ.

2. ಅಳತೆ: ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಕಾಂಡಕ್ಕೆ ದಾರ ಸುತ್ತಿ ಅಳೆಯಿರಿ. ಎತ್ತರ ತಿಳಿಯಲು, ಕಣ್ಣಿನಿಂದ ಚಾಚಿದ ಮುಷ್ಟಿಯವರೆಗಿನ ದೂರದಷ್ಟೇ ಉದ್ದದ ಕೋಲನ್ನು ಮುಷ್ಟಿಯ ಮೇಲೆ ನೆಟ್ಟಗೆ ಹಿಡಿಯಿರಿ. ಕೋಲಿನ ಬುಡ ಮರದ ಬುಡಕ್ಕೂ ತುದಿ ಮರದ ತುದಿಗೂ ಸರಿಹೊಂದುವವರೆಗೆ ಹಿಂದೆ ಸರಿಯಿರಿ. ಅಲ್ಲಿಂದ ಮರಕ್ಕಿರುವ ದೂರವೇ ಹೆಚ್ಚುಕಡಿಮೆ ಅದರ ಎತ್ತರ.

3. ದಿನಚರಿ: ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಅದೇ ಮರದ ಬಳಿ ಐದು ನಿಮಿಷ ನಿಂತು ಚಿಗುರು, ಹೂ, ಕಾಯಿ, ಬಂದ ಹಕ್ಕಿ, ಎಲ್ಲವನ್ನೂ ಬರೆದಿಡಲಿ. ಹೊಂಗೆ ಯಾವ ವಾರ ಎಲೆ ಉದುರಿಸಿ ಯಾವ ವಾರ ಚಿಗುರಿತು ಎಂಬುದು ವರ್ಷ ಕಳೆಯುವಷ್ಟರಲ್ಲಿ ಅವರಿಗೇ ತಿಳಿದಿರುತ್ತದೆ.

4. ಹೆಸರು ಮತ್ತು ತವರು: ಮನೆಯ ಹಿರಿಯರು ಆ ಮರವನ್ನು ಏನೆಂದು ಕರೆಯುತ್ತಿದ್ದರು, ಯಾವುದಕ್ಕೆ ಬಳಸುತ್ತಿದ್ದರು ಎಂದು ಕೇಳಿ ಬರೆಯಲಿ. ಶಾಲೆಯಂಗಳದ ಗುಲ್‌ಮೊಹರ್ ಮಡಗಾಸ್ಕರ್‌ನಿಂದ, ಮಳೆಮರ ಅಮೆರಿಕ ಖಂಡದಿಂದ ಬಂದ ಅತಿಥಿಗಳು. ಹೊಂಗೆ, ಬೇವು, ಅತ್ತಿ ನಮ್ಮ ಮನೆಯವರು. ಅತಿಥಿಯನ್ನು ಆದರಿಸೋಣ, ಮನೆಯವರನ್ನು ಮರೆಯದಿರೋಣ.

ಕರ್ನಾಟಕದಲ್ಲಿ 1976ರ ಮರಗಳ ಸಂರಕ್ಷಣಾ ಕಾಯಿದೆ ಇದೆ. ಕೆಲವು ಜಾತಿಗಳನ್ನು ಬಿಟ್ಟರೆ, ಸ್ವಂತ ಜಾಗದ ಮರ ಕಡಿಯಲೂ ಅನುಮತಿ ಬೇಕು. ಆದರೆ ಕಾಯಿದೆಗಿಂತ ಮೊದಲು ಪ್ರೀತಿ ಬೇಕು. 2025ರಲ್ಲಿ ತೀರಿಕೊಂಡ ಸಾಲುಮರದ ತಿಮ್ಮಕ್ಕನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮಕ್ಕಳಿಲ್ಲದ ಆ ತಾಯಿ, ಮಾಗಡಿ ತಾಲ್ಲೂಕಿನ ಹುಲಿಕಲ್ ಮತ್ತು ಕುದೂರಿನ ನಡುವೆ ಪತಿಯೊಡನೆ ಆಲದ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು 385 ಮರಗಳನ್ನು ಬೆಳೆಸಿದರು.

ನಿಮ್ಮ ಮಗು 385 ಮರಗಳನ್ನು ನೆಡಬೇಕಾಗಿಲ್ಲ. ಈ ಭಾನುವಾರ ಒಂದೇ ಒಂದು ಮರದ ಹೆಸರು ಕಲಿಯಲಿ. ನಾಳೆ ಯಾರಾದರೂ ಕೊಡಲಿ ಹಿಡಿದು ಬಂದಾಗ "ಇದು ನಮ್ಮ ಅತ್ತಿಮರ, ಕಡಿಯಬೇಡಿ" ಎನ್ನಲು ಒಂದು ಪುಟ್ಟ ದನಿಯಾದರೂ ಇರಲಿ.