ಮಾರ್ಜಾಲದ ನುಡಿ

ನಾಯಿಗೆ ಒಡೆಯನ ಮೇಲೆ, ಬೆಕ್ಕಿಗೆ ಮನೆಯ ಮೇಲೆ ಮಮತೆಯೆಂಬುದು ಲೋಕರೂಢಿಯ ಮಾತು. ಇದು ಅರ್ಧಸತ್ಯ. ಮರಿಯು ‘ಮಿಯಾಂವ್’ ಎಂದು ತಾಯಿಯನ್ನು ಕರೆಯುತ್ತದೆ. ಬೆಳೆದ ಬೆಕ್ಕುಗಳು ಪರಸ್ಪರ ಹಾಗೆ ಕೂಗುವುದು ವಿರಳ. ಬಾಲ, ಕಿವಿ, ಗಂಧಗಳೇ ಅವುಗಳ ಭಾಷೆ. ಶೈಶವದ ಆ ನುಡಿಯನ್ನು ಅವು ಮನುಷ್ಯನಿಗಾಗಿಯೇ ಉಳಿಸಿಕೊಂಡಿವೆ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಜಪಾನಿನ ಆತ್ಸುಕೊ ಸೈತೊ ಅವರು 20 ಸಾಕುಬೆಕ್ಕುಗಳನ್ನು ಪರೀಕ್ಷಿಸಿದಾಗ, ಅವು ಒಡೆಯರ ದನಿಯನ್ನು ಗುರುತಿಸಿಯೂ ಎದ್ದು ಬರದೆ, ಕಿವಿ ತಲೆಗಳನ್ನಷ್ಟೇ ಹೊರಳಿಸಿದುವು. ಇದನ್ನು ಅವಿನಯವೆನ್ನುವವರು ದುಡುಕುತ್ತಾರೆ.

ಬಾಣಸವಾಡಿಯ ನಮ್ಮ ಮನೆಯ ಕೊತ್ತಿಯನ್ನು (ಈ ಸೀಮೆಯವರಿಗೆ ಬೆಕ್ಕು ಕೊತ್ತಿಯೇ) ಸಾಕಿದವರು ನನ್ನ ತಾಯಿಯವರು. ಅವರು ತೀರಿಕೊಂಡ ಮೇಲೆ ಹಾಲೆರೆಯುವವನು ನಾನು. ನನ್ನ ದನಿಗೂ ಅದು ಕಿವಿ ಹೊರಳಿಸುತ್ತದೆ. ಆದರೆ ಬಟ್ಟಲಿಗೆ ಬಾಯಿಡುವ ಮೊದಲು, ಇಂದಿಗೂ, ಅವರ ಕೋಣೆಯ ಬಾಗಿಲಲ್ಲಿ ನಿಂತು ಒಮ್ಮೆ ಕೂಗುತ್ತದೆ.